ಪಾಠ ಪುಕ್ಕಟೆ, ಪರೀಕ್ಷೆಗೆ ಸಾವಿರ

ಇಸವಿ 2000ದ ಆಸುಪಾಸಿನಲ್ಲಿ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಒಂದು ಆಸೆ ಹತ್ತಿತ್ತು. ಪಾಠಗಳನ್ನು ಇಂಟರ್‌ನೆಟ್ಟಿಗೆ ಏರಿಸಿ ಜಗತ್ತಿಗೆಲ್ಲ ಮಾರಬೇಕು, ಕೈತುಂಬ ದುಡ್ಡು ಮಾಡಬೇಕು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಅದಕ್ಕೆಂದೇ ‘ಫ್ಯಾಥಮ್’ ಎಂಬ ಕಂಪನಿ ತೆರೆದು, ಕೋಟಿಗಟ್ಟಲೆ ಡಾಲರ್ ಸುರಿದು, 2003ರಲ್ಲಿ ಬಾಗಿಲು ಮುಚ್ಚಿತು. ಮಸಾಚುಸೆಟ್ಸ್‌ನ ಎಂಐಟಿ ಕೂಡ ಇಂಥದೇ ಲೆಕ್ಕಾಚಾರಕ್ಕೆ ಕೂತಿತ್ತು. ಲೆಕ್ಕ ಹಾಕಿದವರಿಗೆ ಇದರಲ್ಲಿ ಗಿಟ್ಟುವುದು ಅಷ್ಟಕ್ಕಷ್ಟೇ ಅನ್ನಿಸಿತು. ಮಾರಿ ಗಿಟ್ಟದಿದ್ದರೆ ಕೊಟ್ಟೇಬಿಡೋಣ ಎಂದರು. 2001ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಅದನ್ನು ಪ್ರಕಟಿಸಿಯೂ ಬಿಟ್ಟರು: ತಮ್ಮಲ್ಲಿ ನಡೆಯುವ ಕೋರ್ಸುಗಳ ನೋಟ್ಸು, ಲೆಕ್ಕಗಳು, ಪ್ರಶ್ನೆಪತ್ರಿಕೆಗಳು ಯಾರಿಗೆ ಬೇಕಾದರೂ ಉಚಿತ. ಮರುವರ್ಷ 50 ಕೋರ್ಸುಗಳಿಂದ ಶುರುವಾದ ಈ ‘ಓಪನ್ ಕೋರ್ಸ್‌ವೇರ್’ 2007ರ ಹೊತ್ತಿಗೆ 1800ಕ್ಕೆ ಬಂತು. ಈಗ 2500 ದಾಟಿದೆ. ಪದವಿ ಕೊಡುವುದಿಲ್ಲ, ಸರ್ಟಿಫಿಕೇಟು ಕೊಡುವುದಿಲ್ಲ, ಮೇಷ್ಟ್ರು ನಿಮ್ಮ ಪ್ರಶ್ನೆಗೆ ಉತ್ತರಿಸುವುದಿಲ್ಲ ಎಂದು ಎಂಐಟಿ ಮೊದಲ ದಿನವೇ ಹೇಳಿತ್ತು. ಅದರ ಹಿಂದೆ ಬಂದವರಲ್ಲಿ ಎಷ್ಟೋ ಜನ ಇಷ್ಟು ನೇರವಾಗಿ ಮಾತಾಡಲಿಲ್ಲ.

ಇದಾಗಿ ಕಾಲು ಶತಮಾನ. ಈಗ ಪಾಠಕ್ಕೆ ಬರವಿಲ್ಲ. ಕ್ವಾಂಟಂ ಭೌತಶಾಸ್ತ್ರ ಬೇಕೇ, ರೋಮಿನ ವಾಸ್ತುಶಿಲ್ಪ ಬೇಕೇ, ನ್ಯಾಯದ ತತ್ತ್ವಶಾಸ್ತ್ರ ಬೇಕೇ, ಮೊಬೈಲಿನಲ್ಲೇ ಸಿಗುತ್ತದೆ. ಬರ ಇರುವುದು ಪಾಠದ ಸುತ್ತ ಇರಬೇಕಾದ್ದಕ್ಕೆ. ಅರ್ಥವಾಗದ್ದನ್ನು ಬಿಡಿಸಿ ಹೇಳುವವರು, ಜೊತೆಗೆ ಕೂತು ಓದುವವರು, ಬರೆದದ್ದನ್ನು ತಿದ್ದುವವರು, ಕಲಿಯುವವನ ಸ್ವಂತ ಭಾಷೆ, ಕಲಿತದ್ದಕ್ಕೊಂದು ಮಾನ್ಯತೆ. ಉಚಿತ ಕಲಿಕೆಯ ಸೋಲು ಗೆಲುವುಗಳೆಲ್ಲ ನಿಂತಿರುವುದು ಈ ಸುತ್ತಲಿನ ವ್ಯವಸ್ಥೆಯ ಮೇಲೆ ಎಂಬುದು ಈ ಸಮೀಕ್ಷೆಯ ವಾದ.

ವಿಜ್ಞಾನ ಮತ್ತು ಗಣಿತಕ್ಕೆ ಈ ಮಾಧ್ಯಮ ಒಗ್ಗಿತು ಎಂಬುದರಲ್ಲಿ ಅನುಮಾನವಿಲ್ಲ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಎಂಐಟಿಯಲ್ಲಿ ಗಿಲ್ಬರ್ಟ್ ಸ್ಟ್ರಾಂಗ್ ಕಲಿಸುತ್ತಿದ್ದ ರೇಖೀಯ ಬೀಜಗಣಿತದ ತರಗತಿಗಳನ್ನು 1999ರಲ್ಲಿ ಚಿತ್ರೀಕರಿಸಿದ್ದರು. ಕ್ಯಾಮೆರಾ ಒಂದು ಕಡೆ ನಿಂತಿದೆ, ಕಪ್ಪುಹಲಗೆ, ಸೀಮೆಸುಣ್ಣ, ಮೇಷ್ಟ್ರು. ಅಷ್ಟೇ. ಮೊದಲ ತರಗತಿಯಲ್ಲಿ ಅವರು ಬರೆಯುವುದು ಎರಡೇ ಸಮೀಕರಣ: ಎರಡು ಎಕ್ಸ್‌ನಿಂದ ಒಂದು ವೈ ಕಳೆದರೆ ಸೊನ್ನೆ, ಎರಡು ವೈನಿಂದ ಒಂದು ಎಕ್ಸ್ ಕಳೆದರೆ ಮೂರು. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಇದನ್ನು ನಕ್ಷೆಯ ಹಾಳೆಯಲ್ಲಿ ಎರಡು ಸರಳರೇಖೆ ಎಳೆದು ಬಿಡಿಸುತ್ತಾರೆ, ರೇಖೆಗಳು ಕೂಡುವ ಬಿಂದು ಉತ್ತರ: ಎಕ್ಸ್ ಒಂದು, ವೈ ಎರಡು. ಸ್ಟ್ರಾಂಗ್ ಕೂಡ ಮೊದಲು ಹಾಗೇ ಬಿಡಿಸುತ್ತಾರೆ. ಆಮೇಲೆ ಅದೇ ಅಂಕಿಗಳನ್ನು ಅಡ್ಡಸಾಲಿನಲ್ಲಿ ಓದುವ ಬದಲು ಕಂಬಸಾಲಿನಲ್ಲಿ ಓದಲು ಹೇಳುತ್ತಾರೆ. ಎರಡು ಮತ್ತು ಋಣ ಒಂದು, ಇದೊಂದು ಸದಿಶ. ಋಣ ಒಂದು ಮತ್ತು ಎರಡು, ಇದು ಇನ್ನೊಂದು. ಮೊದಲನೆಯದರ ಒಂದು ಪಾಲಿಗೆ ಎರಡನೆಯದರ ಎರಡು ಪಾಲು ಕೂಡಿಸಿದರೆ ಸೊನ್ನೆ ಮತ್ತು ಮೂರು ಬರುತ್ತದೆ. ಅದೇ ಲೆಕ್ಕ, ಅದೇ ಉತ್ತರ, ನೋಡುವ ಕಣ್ಣು ಮಾತ್ರ ಬೇರೆ. ಮುಂದಿನ ಇಡೀ ಕೋರ್ಸು ಈ ಎರಡನೇ ನೋಟದ ಮೇಲೆ ನಿಂತಿದೆ. ಹತ್ತನೇ ತರಗತಿ ಮುಗಿಸಿದ ಯಾರಿಗಾದರೂ ಆ ಅರ್ಧ ಗಂಟೆ ಅರ್ಥವಾಗುತ್ತದೆ, ಇಂಗ್ಲಿಷ್ ಬರುವುದಾದರೆ. ಸ್ಟ್ರಾಂಗ್ 2023ರಲ್ಲಿ, 88ರ ವಯಸ್ಸಿನಲ್ಲಿ, ಕೊನೆಯ ತರಗತಿ ತೆಗೆದುಕೊಂಡು ನಿವೃತ್ತರಾದರು. ಹಳೆಯ ವಿಡಿಯೊಗಳು ಇವತ್ತಿಗೂ ಮುಕ್ಕಾಗಿಲ್ಲ. ಗಣಿತಕ್ಕೆ ಆ ಒಂದು ಸೌಕರ್ಯವಿದೆ.

ಶಾಲೆಯ ಮಟ್ಟದಲ್ಲಿ ಈ ಕೆಲಸ ಮಾಡಿದ್ದು ಸಲ್ಮಾನ್ ಖಾನ್, ಸಿನಿಮಾದವರಲ್ಲ. 2004ರಲ್ಲಿ ದೂರದೂರಿನಲ್ಲಿದ್ದ ಸಂಬಂಧಿಕರ ಹುಡುಗಿಗೆ ಫೋನಿನಲ್ಲಿ ಗಣಿತ ಹೇಳಿಕೊಡಲು ಶುರುಮಾಡಿದ ಅವರು, 2006ರಿಂದ ಯೂಟ್ಯೂಬಿಗೆ ಪಾಠ ಹಾಕತೊಡಗಿದರು. ಅದರಿಂದ ಬೆಳೆದ ಖಾನ್ ಅಕಾಡೆಮಿ ಲಾಭರಹಿತ ಸಂಸ್ಥೆಯಾಗಿ ಉಳಿದದ್ದರಿಂದ ಇಂದಿಗೂ ಅಲ್ಲಿನ ಪಾಠಗಳಿಗೆ ಶುಲ್ಕವಿಲ್ಲ. ಕನ್ನಡದಲ್ಲೂ ಅದರ ಗಣಿತ ಪಾಠಗಳಿವೆ. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊದಲ್ಲಿ ಆರಂಭಿಸಿದ ‘ಫೆಟ್’ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಉಪನ್ಯಾಸವೇ ಇಲ್ಲ. ಪರದೆಯ ಮೇಲೆ ತಂತಿ, ಬಲ್ಬು, ಬ್ಯಾಟರಿ ಇರುತ್ತವೆ. ಮಗು ಜೋಡಿಸಿ ನೋಡುತ್ತದೆ, ತಪ್ಪಿದರೆ ಬಲ್ಬು ಹತ್ತುವುದಿಲ್ಲ. ಇಂಥ ಕೆಲವು ಪ್ರಯೋಗಗಳು ಕನ್ನಡಕ್ಕೂ ಬಂದಿವೆ. ಪುಣೆಯ ಅರವಿಂದ ಗುಪ್ತಾ ಅವರ ಕಸದಿಂದ ಆಟಿಕೆ ಮಾಡುವ ಕಿರುಚಿತ್ರಗಳು ಇವೆರಡಕ್ಕಿಂತ ಅಗ್ಗ: ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು ಇದ್ದರೆ ರೇಖಾಗಣಿತ ಶುರು.

ದೊಡ್ಡ ಅಬ್ಬರ ಎದ್ದದ್ದು 2011ರಲ್ಲಿ. ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಕೋರ್ಸೊಂದನ್ನು ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಎಲ್ಲರಿಗೂ ತೆರೆದಾಗ ಸುಮಾರು 1,60,000 ಮಂದಿ ಹೆಸರು ಬರೆಸಿದರು. ಮರುವರ್ಷವೇ ಯುಡಾಸಿಟಿ, ಕೋರ್ಸೆರಾ, ಎಡ್‌ಎಕ್ಸ್ ಎಂಬ ಮೂರು ಆನ್‌ಲೈನ್ ಕೋರ್ಸು ತಾಣಗಳು ಹುಟ್ಟಿದವು. ಎಂಐಟಿ, ಹಾರ್ವರ್ಡ್ ಸೇರಿ ಕಟ್ಟಿದ ಎಡ್‌ಎಕ್ಸ್‌ನ ಮುಖ್ಯಸ್ಥರಾಗಿದ್ದ ಅನಂತ ಅಗರ್ವಾಲ್ ನಮ್ಮ ಮಂಗಳೂರಿನಲ್ಲಿ ಬೆಳೆದವರು. ಅವರೇ ಕಲಿಸಿದ ಎಲೆಕ್ಟ್ರಾನಿಕ್ಸ್ ಕೋರ್ಸಿಗೆ 1,55,000 ಜನ ಸೇರಿದರು. ಪಾಸಾದವರು ಸುಮಾರು ಏಳು ಸಾವಿರ. ಪೂರ್ತಿ ಅಂಕ ತೆಗೆದವರಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನ 15 ವರ್ಷದ ಹುಡುಗನೊಬ್ಬನಿದ್ದ. ಮುಂದೆ ಅವನಿಗೆ ಎಂಐಟಿಯಲ್ಲೇ ಸೀಟು ಸಿಕ್ಕಿತು.

ಈ ಹುಡುಗನ ಕಥೆಯನ್ನು ಭಾಷಣಗಳಲ್ಲಿ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಇಂಟರ್‌ನೆಟ್ ಒಂದಿದ್ದರೆ ಪ್ರತಿಭೆ ಎಲ್ಲಿಂದಲಾದರೂ ಮೇಲೆ ಬರುತ್ತದೆ ಎಂಬುದಕ್ಕೆ ಅವನೇ ಸಾಕ್ಷಿ. ಕಥೆಯ ಉಳಿದರ್ಧ ಅಷ್ಟಾಗಿ ಕೇಳಿಬರುವುದಿಲ್ಲ. ಅವನ ಶಾಲೆಯ ಪ್ರಾಂಶುಪಾಲರು ಸ್ವತಃ ಎಂಐಟಿಯಲ್ಲಿ ಓದಿ ಬಂದವರು. ಆ ಕೋರ್ಸನ್ನು ತಮ್ಮ ಶಾಲೆಯ ಮಕ್ಕಳಿಗೆ ಗುಂಪಾಗಿ ಮಾಡಿಸಿದರು. ಪ್ರಯೋಗ ಮಾಡಿಸಲು ಸ್ಟ್ಯಾನ್‌ಫರ್ಡ್‌ನ ಸಂಶೋಧನಾ ವಿದ್ಯಾರ್ಥಿಯೊಬ್ಬರು ಸಲಕರಣೆ ಹೊತ್ತು ಅಮೆರಿಕದಿಂದ ಬಂದಿದ್ದರು. ಅಂದರೆ ಹುಡುಗನಿಗೆ ವಿಡಿಯೊ ಸಿಕ್ಕಿತು, ಜೊತೆಗೆ ಮೇಷ್ಟ್ರೂ ಸಿಕ್ಕರು, ಸಹಪಾಠಿಗಳೂ ಸಿಕ್ಕರು.

ಇದು ಸಿಗದವರ ಗತಿ ಏನಾಯಿತು ಎಂಬುದಕ್ಕೆ ಅಂಕಿಅಂಶ ಇದೆ. ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸುಗಳ ಆರು ವರ್ಷದ ದಾಖಲೆಗಳನ್ನು ಎಂಐಟಿಯವರೇ ಆದ ಜಸ್ಟಿನ್ ರೀಚ್ ಮತ್ತು ಹೋಸೆ ರೂಯಿಪೆರೆಸ್ ವಾಲಿಯೆಂತೆ ಪರಿಶೀಲಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 2017–18ರಲ್ಲಿ ಸೇರಿದವರಲ್ಲಿ ಕೋರ್ಸು ಮುಗಿಸಿದವರು ಶೇ 3.13. ಆದರೆ ದುಡ್ಡು ಕೊಟ್ಟು ಸರ್ಟಿಫಿಕೇಟಿನ ದಾರಿ ಹಿಡಿದವರಲ್ಲಿ ಮುಗಿಸಿದವರು ಶೇ 46. ಸೇರಿದವರಲ್ಲಿ ಹೆಚ್ಚಿನವರು ಸ್ಥಿತಿವಂತ ದೇಶಗಳವರು. ಶೇ 3ರ ಲೆಕ್ಕ ನೋಡಿ ನಗುವವರಿದ್ದಾರೆ. ನನಗೆ ಅದು ಅಷ್ಟು ದೊಡ್ಡ ಅಪರಾಧ ಅನ್ನಿಸುವುದಿಲ್ಲ. ಗ್ರಂಥಾಲಯದಲ್ಲಿ ತೆರೆದ ಪುಸ್ತಕವನ್ನೆಲ್ಲ ಯಾರು ಕೊನೆಯವರೆಗೆ ಓದುತ್ತಾರೆ? ತಕರಾರು ಇರುವುದು ಬೇರೆ ಕಡೆ. ಬಡವರಿಗೆಂದು ಕಟ್ಟಿದ ಛತ್ರದಲ್ಲಿ ಉಳ್ಳವರೇ ಉಂಡೆದ್ದರು.

ಆಮೇಲೆ ಛತ್ರಕ್ಕೂ ಟಿಕೆಟ್ ಬಂತು. ಕೋರ್ಸೆರಾ ಮೊದಲು ಸರ್ಟಿಫಿಕೇಟಿಗೆ ಮಾತ್ರ ದುಡ್ಡು ಕೇಳುತ್ತಿತ್ತು, ಆಮೇಲೆ ಮೌಲ್ಯಮಾಪನದ ಅಸೈನ್‌ಮೆಂಟುಗಳಿಗೂ ಕೇಳತೊಡಗಿತು. 2016ರ ಜೂನ್ ಕೊನೆಗೆ ಹಳೆಯ ತಾಣ ಮುಚ್ಚಿದಾಗ ನೂರಾರು ಉಚಿತ ಕೋರ್ಸುಗಳು ಅದರೊಂದಿಗೆ ಹೋದವು. 2018ರ ಕೊನೆಯಿಂದ ಎಡ್‌ಎಕ್ಸ್ ಕೂಡ ಅದೇ ಹಾದಿ ಹಿಡಿಯಿತು. 2021ರಲ್ಲಿ ಅದನ್ನು 80 ಕೋಟಿ ಡಾಲರಿಗೆ ‘ಟುಯು’ ಎಂಬ ಕಂಪನಿಗೆ ಮಾರಲಾಯಿತು. 2024ರಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಸದ್ದುಗದ್ದಲವಿಲ್ಲದೆ ನೋಟ್ಸು ಕೊಟ್ಟ ಎಂಐಟಿಯ ಹಳೆಯ ತಾಣ ಮಾತ್ರ ಇದ್ದಲ್ಲೇ ಇದೆ.

ಕಲೆ ಮತ್ತು ಸಾಹಿತ್ಯದ ಕಡೆ ಬಂದರೆ ಬೇರೆ ತೊಡಕು. ಲೆಕ್ಕದ ಉತ್ತರವನ್ನು ಯಂತ್ರ ತಿದ್ದುತ್ತದೆ. ಕವಿತೆಯ ಮೇಲೆ ಬರೆದ ಪ್ರಬಂಧವನ್ನು ಯಾರು ತಿದ್ದಬೇಕು? ಸಾವಿರಾರು ಜನ ಸೇರಿದ ಕೋರ್ಸುಗಳಲ್ಲಿ ಕಲಿಯುವವರೇ ಪರಸ್ಪರ ತಿದ್ದಿಕೊಳ್ಳುವ ಏರ್ಪಾಡು ಮಾಡಿದರು. ಕೆಲವರು ಮನಸ್ಸಿಟ್ಟು ಓದಿ ಬರೆದರು, ಕೆಲವರು ‘ಚೆನ್ನಾಗಿದೆ’ ಎಂದು ಕೈತೊಳೆದುಕೊಂಡರು. ಈ ತೊಡಕನ್ನು ಜಾಣ್ಮೆಯಿಂದ ದಾಟಿದವರೆಂದರೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ ಫಿಲ್ರೈಸ್. 2012ರಿಂದ ನಡೆಯುತ್ತಿರುವ ಅವರ ಆಧುನಿಕ ಅಮೆರಿಕನ್ ಕಾವ್ಯದ ಕೋರ್ಸಿನಲ್ಲಿ ಒಬ್ಬರೇ ನಿಂತು ಉಪನ್ಯಾಸ ಕೊಡುವುದಿಲ್ಲ. ಮೇಷ್ಟ್ರು ಮತ್ತು ಕೆಲವು ತರುಣರು ಮೇಜಿನ ಸುತ್ತ ಕೂತು ಒಂದು ಕವಿತೆಯನ್ನು ಪದಪದವಾಗಿ ಜಗ್ಗಾಡುತ್ತಾರೆ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬ ಒಪ್ಪುವುದಿಲ್ಲ. ಎಮಿಲಿ ಡಿಕಿನ್ಸನ್, ವಿಟ್ಮನ್‌ರಿಂದ ಹೊರಟು ವಾರವಾರಕ್ಕೆ ಕವಿತೆಗಳು ಕಠಿಣವಾಗುತ್ತ ಹೋಗುತ್ತವೆ. ನೋಡುವವನಿಗೆ ಅರ್ಥಕ್ಕಿಂತ ಅರ್ಥ ಹುಡುಕುವ ಕ್ರಮ ಸಿಗುತ್ತದೆ. ಬೇಂದ್ರೆಯವರ ಒಂದು ಕವಿತೆ ಇಟ್ಟುಕೊಂಡು ಧಾರವಾಡದಲ್ಲೋ ಮೈಸೂರಿನಲ್ಲೋ ಐದು ಜನ ಹೀಗೆ ಕೂತರೆ ಎಂಥ ವಿಡಿಯೊ ಆದೀತು ಎಂದು ಅನ್ನಿಸದಿರದು.

ಕಲೆಯ ಇತಿಹಾಸಕ್ಕೆ ಬೆತ್ ಹ್ಯಾರಿಸ್, ಸ್ಟೀವನ್ ಜುಕರ್ 2005ರಲ್ಲಿ ಶುರುಮಾಡಿದ ‘ಸ್ಮಾರ್ಟ್‌ಹಿಸ್ಟರಿ’ಯದೂ ಇದೇ ಉಪಾಯ: ಚಿತ್ರದ ಮುಂದೆ ನಿಂತು ಇಬ್ಬರ ಮಾತುಕತೆ. ಸಮಾಜ, ರಾಜಕೀಯ ತತ್ತ್ವದ ವಿಷಯಕ್ಕೆ 2009ರಲ್ಲಿ ಹೊರಬಂದ ಹಾರ್ವರ್ಡ್‌ನ ಮೈಕೆಲ್ ಸ್ಯಾಂಡೆಲ್ ಅವರ ‘ಜಸ್ಟಿಸ್’ ತರಗತಿಗಳು ಹೆಸರುವಾಸಿ. ತುಂಬಿದ ಸಭಾಂಗಣದಲ್ಲಿ ಅವರು ವಿದ್ಯಾರ್ಥಿಗಳನ್ನು ಎಬ್ಬಿಸಿ ಕೇಳುತ್ತಾರೆ, ಉತ್ತರ ಹೇಳಿದವರನ್ನೇ ಇಕ್ಕಟ್ಟಿಗೆ ಸಿಕ್ಕಿಸುತ್ತಾರೆ. ನೋಡಲು ಸೊಗಸು. ಆದರೆ ವಾದಿಸುವವರು ಅಲ್ಲಿರುವವರು, ನಾವು ನೋಡುವವರು.

ಉಚಿತವೆಂದರೆ ಯಾರಿಗೆ ಉಚಿತ ಎಂಬ ಪ್ರಶ್ನೆ ಬರ್ಕ್‌ಲಿಯಲ್ಲಿ ನ್ಯಾಯದ ಮೆಟ್ಟಿಲೇರಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಲ್ಲಿನ ತರಗತಿಗಳ 20,000ಕ್ಕೂ ಹೆಚ್ಚು ಧ್ವನಿ, ದೃಶ್ಯ ಮುದ್ರಣಗಳನ್ನು ಸಾರ್ವಜನಿಕರಿಗೆ ಬಿಟ್ಟಿತ್ತು. ವಾಷಿಂಗ್ಟನ್‌ನಲ್ಲಿ ಕಿವುಡರಿಗೆಂದೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯದ ಇಬ್ಬರು ಉದ್ಯೋಗಿಗಳು ದೂರು ಕೊಟ್ಟರು: ಇವುಗಳಿಗೆ ಸರಿಯಾದ ಸಬ್‌ಟೈಟಲ್ ಇಲ್ಲ, ನಾವು ಕಲಿಯುವುದು ಹೇಗೆ? 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ದೂರನ್ನು ಎತ್ತಿಹಿಡಿಯಿತು. ಸರಿಪಡಿಸಲು ಖರ್ಚು ಹೆಚ್ಚು ಎಂದ ವಿಶ್ವವಿದ್ಯಾಲಯ 2017ರ ಮಾರ್ಚ್‌ನಿಂದ ಎಲ್ಲವನ್ನೂ ಸಾರ್ವಜನಿಕರಿಂದ ಹಿಂದಕ್ಕೆ ತೆಗೆದುಕೊಂಡಿತು. ಕಿವುಡರಿಗೆ ಸಿಗಲಿಲ್ಲ, ಉಳಿದವರಿಗೂ ತಪ್ಪಿತು. ದೂರು ಕೊಟ್ಟವರನ್ನು ಬೈದವರೇ ಹೆಚ್ಚು. ನನ್ನ ಮಟ್ಟಿಗೆ ತಪ್ಪು ಅವರದಲ್ಲ, ದಾನದ ವಸ್ತುವಿಗೆ ಗುಣಮಟ್ಟ ಯಾಕೆ ಎಂದುಕೊಂಡವರದು. ಈ ಪ್ರಕರಣದಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಆ ವಿಡಿಯೊಗಳು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಇದ್ದದ್ದರಿಂದ, ತೆಗೆದುಹಾಕುವ ಮೊದಲೇ ಬೇರೆಯವರು ಪ್ರತಿ ಮಾಡಿಟ್ಟುಕೊಂಡು ಮತ್ತೆ ಹಂಚಿದರು. ಮುಕ್ತ ಪರವಾನಗಿ ಇಲ್ಲದ ಉಚಿತ ಪಾಠ ಕೊಟ್ಟವನ ಮರ್ಜಿಯಲ್ಲಿರುತ್ತದೆ. ಇವತ್ತಿದೆ, ನಾಳೆ ಇಲ್ಲ.

ಇನ್ನು ನಮ್ಮ ದೇಶ. 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ಉಚಿತ ವಿಡಿಯೊ ಪಾಠಗಳ ಎನ್‌ಪಿಟೆಲ್ ಆರಂಭಿಸಿದವು. ಮೇಷ್ಟ್ರುಗಳ ಕೊರತೆಯಿದ್ದ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳಿಗೆ ಅದು ನಿಜಕ್ಕೂ ಆಸರೆಯಾಯಿತು. 2014ರಲ್ಲಿ ಅಲ್ಲಿ ಸರ್ಟಿಫಿಕೇಟು ಬಂತು. 2017ರ ಜುಲೈ 9ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ‘ಸ್ವಯಂ’ ಉದ್ಘಾಟಿಸಿದ ಮೇಲೆ ಸಮಾಜಶಾಸ್ತ್ರ, ಇತಿಹಾಸ, ಭಾಷೆ, ನಿರ್ವಹಣೆ ಎಲ್ಲವೂ ಒಂದೇ ಸೂರಿನಡಿ ಬಂದವು. ನಿರ್ವಹಣಾ ವಿಷಯಗಳ ಹೊಣೆ ಬೆಂಗಳೂರಿನ ಐಐಎಂನದು. ಪದವಿಯ ಕ್ರೆಡಿಟ್ಟುಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಪಡೆಯಬಹುದು ಎಂದು ಯುಜಿಸಿ 2021ರಲ್ಲಿ ನಿಯಮ ಮಾಡಿತು. ಜಗತ್ತಿನ ಎಷ್ಟೋ ಕಡೆ ಆಗದ ಕೆಲಸ ಇದು. ಇದಕ್ಕೆ ಸರ್ಕಾರವನ್ನು ಹೊಗಳಬೇಕು.

ಎನ್‌ಪಿಟೆಲ್ ಕೋರ್ಸು ಮಾಡಿದವರಿಗೆಲ್ಲ ಅದರ ವಾರದ ಲಯ ಗೊತ್ತು. ವಾರಕ್ಕೆ ಎರಡೂವರೆ, ಮೂರು ಗಂಟೆಯ ವಿಡಿಯೊ, ಒಂದು ಅಸೈನ್‌ಮೆಂಟು, ಬುಧವಾರ ರಾತ್ರಿ ಹನ್ನೆರಡರೊಳಗೆ ಸಲ್ಲಿಸಬೇಕು. 12 ವಾರದ ಕೋರ್ಸಾದರೆ ಅತ್ಯುತ್ತಮ ಎಂಟು ಅಸೈನ್‌ಮೆಂಟುಗಳ ಸರಾಸರಿಗೆ 25 ಅಂಕ, ಪರೀಕ್ಷೆಗೆ 75. ನೋಡುವುದು, ಕಲಿಯುವುದು ಉಚಿತ; ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಲು ಸುಮಾರು ಸಾವಿರ ರೂಪಾಯಿ. ಈ ಸಾವಿರದ ಬಗ್ಗೆ ನನಗೆ ದೊಡ್ಡ ದೂರಿಲ್ಲ, ಪರೀಕ್ಷೆ ನಡೆಸಲು ಖರ್ಚಿದೆ. ಬೇಸರವಾಗುವುದು ಬುಧವಾರದ ಬಗ್ಗೆ. ಯೂಟ್ಯೂಬಿನಲ್ಲಿ ಯಾವುದೇ ಜನಪ್ರಿಯ ಕೋರ್ಸಿನ ಹೆಸರು ಹಾಕಿ ಹುಡುಕಿ. ಪಾಠಕ್ಕಿಂತ ಮೊದಲು ‘ಮೂರನೇ ವಾರದ ಉತ್ತರಗಳು’ ಎಂಬ ವಿಡಿಯೊ ಎದ್ದು ಬರುತ್ತದೆ. ಕ್ರೆಡಿಟ್ಟಿಗಾಗಿ ಕಾಲೇಜು ಕಡ್ಡಾಯ ಮಾಡಿದಲ್ಲಿ ಕಲಿಕೆ ಹೋಗಿ ಸಲ್ಲಿಕೆ ಉಳಿಯಿತು. ಅಮೆರಿಕದಲ್ಲಿ ಉಚಿತ ಕೋರ್ಸು ಮುಗಿಸುವವರಿಲ್ಲ, ನಮ್ಮಲ್ಲಿ ಕಲಿಯದೆಯೇ ಮುಗಿಸುವವರಿದ್ದಾರೆ.

ಕನ್ನಡದ ವಿಷಯಕ್ಕೆ ಬಂದರೆ ಮೊದಲು ಒಂದು ಹಳೆಯ ಸಂಗತಿ ನೆನೆಯಬೇಕು. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಅಧ್ಯಯನಾಂಗ, ಸಂಶೋಧನಾಂಗಗಳ ಜೊತೆಗೆ ಪ್ರಸಾರಾಂಗವನ್ನೂ ವಿಶ್ವವಿದ್ಯಾಲಯದ ಒಂದು ಅಂಗವನ್ನಾಗಿ ಕಂಡರು. ಊರೂರಲ್ಲಿ ಕನ್ನಡದಲ್ಲಿ ಉಪನ್ಯಾಸ, ಅದರದೇ ಚಿಕ್ಕ ಪುಸ್ತಕ, ಬಡವನಿಗೂ ಎಟಕುವ ಬೆಲೆ. ಧಾರವಾಡದಲ್ಲಿ ಚೆನ್ನವೀರ ಕಣವಿಯವರು ಪ್ರಸಾರಾಂಗದ ನಿರ್ದೇಶಕರಾಗಿ ಅದೇ ಕೆಲಸವನ್ನು ವರ್ಷಗಟ್ಟಲೆ ನಡೆಸಿದರು. ಖಗೋಳದಿಂದ ಕಾನೂನಿನವರೆಗೆ ಬರೆಸಿದ ಆ ಪುಸ್ತಿಕೆಗಳ ಹಿಂದಿದ್ದ ವಿಚಾರವೂ ಎಂಐಟಿಯ ವೆಸ್ಟ್ ಅವರ ಪ್ರಕಟಣೆಯ ವಿಚಾರವೂ ಒಂದೇ, ನಮ್ಮದು ನಲವತ್ತು ವರ್ಷ ಮೊದಲು. ಇದಕ್ಕೂ ಹಿಂದೆ ಶಿವರಾಮ ಕಾರಂತರು ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ವನ್ನು ಒಬ್ಬರೇ ಬರೆದು ಹಾಕಿದ್ದರು.

ಇಂದು ಕನ್ನಡದಲ್ಲಿ ಏನಿದೆ? ಮುಂಬೈ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಇದೆ: ಪರದೆಯ ಮೇಲೆ ಇಂಗ್ಲಿಷ್ ಸಾಫ್ಟ್‌ವೇರ್, ಕಿವಿಗೆ ಕನ್ನಡ ವಿವರಣೆ, ಹತ್ತು ನಿಮಿಷದ ತುಣುಕುಗಳು. ಕೆಲಸದ ಜಾಗದಲ್ಲಿ ಇಂಗ್ಲಿಷ್ ಪರದೆಯೇ ಎದುರಾಗುವುದರಿಂದ ಇದು ತಿಳಿವಳಿಕೆಯ ಏರ್ಪಾಡು. ಎನ್‌ಪಿಟೆಲ್‌ನ ಕೆಲವು ಪಾಠಗಳೂ ಕನ್ನಡಕ್ಕೆ ಬಂದಿವೆ. ಶಾಲಾ ಪುಸ್ತಕಗಳ ಕ್ಯೂಆರ್ ಕೋಡ್ ಹಿಂದೆ ‘ದೀಕ್ಷಾ’ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಮುದ್ರಿಸಬಹುದು. ಕರ್ನಾಟಕ ಜ್ಞಾನ ಆಯೋಗ ಶುರುಮಾಡಿದ ‘ಕಣಜ’, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’, ಪದ ಹಾಕಿ ವಚನಗಳನ್ನು ಹುಡುಕಬಲ್ಲ ‘ವಚನ ಸಂಚಯ’, 2003ರಿಂದ ಬೆಳೆಯುತ್ತಿರುವ ಕನ್ನಡ ವಿಕಿಪೀಡಿಯ ಎಲ್ಲ ಇವೆ. ಇವು ಭಂಡಾರಗಳು, ಹೋಗಿ ಹುಡುಕಿದವರಿಗೆ ಸಿಗುತ್ತವೆ. ಮೊದಲ ವಾರದಿಂದ ಹನ್ನೆರಡನೇ ವಾರದವರೆಗೆ ಕೈಹಿಡಿದು ಕರೆದೊಯ್ಯುವ ಕೋರ್ಸುಗಳು, ಕನ್ನಡದಲ್ಲೇ ಯೋಚಿಸಿ ರೂಪಿಸಿದವು, ಹುಡುಕಿದರೂ ಅಪರೂಪ.

ಆ ಖಾಲಿ ಜಾಗವನ್ನು ತುಂಬಿದವರು ಯಾರೆಂದರೆ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್‌ನವರು. ಕನ್ನಡದಲ್ಲಿ ಉಚಿತ ಆನ್‌ಲೈನ್ ಕಲಿಕೆ ಭರದಿಂದ ನಡೆಯುತ್ತಿರುವುದು ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ತಯಾರಿಯ ಯೂಟ್ಯೂಬ್ ಚಾನೆಲ್‌ಗಳಲ್ಲಿ, ಟೆಲಿಗ್ರಾಂನ ಪಿಡಿಎಫ್‌ಗಳಲ್ಲಿ. ಇದನ್ನು ಮೂಗು ಮುರಿದು ತಳ್ಳಿಹಾಕುವಂತಿಲ್ಲ. ಸಂವಿಧಾನ, ಅರ್ಥಶಾಸ್ತ್ರ, ಕರ್ನಾಟಕದ ಇತಿಹಾಸಗಳನ್ನು ಬಾಡಿಗೆ ಕೋಣೆಯಲ್ಲಿ ಕೂತು ಇಡೀ ದಿನ ಕೇಳುವ ತರುಣ ತರುಣಿಯರು ಬೇರೆಲ್ಲಿದ್ದಾರೆ? ಕಲಿಸುವವರಲ್ಲಿ ಒಳ್ಳೆಯ ಕನ್ನಡ, ಒಳ್ಳೆಯ ಹಿಡಿತ ಇರುವವರೂ ಇದ್ದಾರೆ. ಆದರೆ ಸಮಾಜದ ಬಗೆಗಿನ ತಿಳಿವಳಿಕೆಯೆಲ್ಲ ನಾಲ್ಕು ಆಯ್ಕೆಗಳ ಪ್ರಶ್ನೆಯ ಅಳತೆಗೆ ಕತ್ತರಿಸಿಕೊಂಡು ಬರುತ್ತದೆ. ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರ ಮೀಸಲಾತಿಗೆ ದಾರಿ ಮಾಡಿದ ಮಿಲ್ಲರ್ ಸಮಿತಿ ಯಾವ ವರ್ಷದ್ದು ಎಂಬುದು ಗೊತ್ತಿರುತ್ತದೆ. ಅದು ಯಾಕೆ ಬೇಕಾಯಿತು, ಯಾರು ವಿರೋಧಿಸಿದರು ಎಂಬಲ್ಲಿಗೆ ಪಾಠ ಹೋಗುವುದೇ ಇಲ್ಲ, ಯಾಕೆಂದರೆ ಅಂಕ ಅಲ್ಲಿಲ್ಲ.

ಯಂತ್ರಾನುವಾದ, ಯಂತ್ರದ ಡಬ್ಬಿಂಗ್ ಬಂದಿದೆ, ಇನ್ನು ಇಂಗ್ಲಿಷ್ ಪಾಠವೆಲ್ಲ ಕನ್ನಡವಾಗುತ್ತದೆ ಎನ್ನುವವರಿದ್ದಾರೆ. ಸ್ಟ್ರಾಂಗ್ ಅವರ ಗಣಿತಕ್ಕೆ ಅದು ಸಾಕಾಗಬಹುದು. ನಮ್ಮ ಭೂಸುಧಾರಣೆಯ ಪಾಠವನ್ನು ಹಾರ್ವರ್ಡ್‌ನಿಂದ ಡಬ್ ಮಾಡಲಾಗುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆದದ್ದನ್ನೂ ಮರೆಯಬಾರದು. ಟಿವಿಯಲ್ಲಿ ಚಂದನ ವಾಹಿನಿಯ ಪಾಠಗಳಿದ್ದೂ, ಮೊಬೈಲಿದ್ದೂ, ಸರ್ಕಾರ ಕೊನೆಗೆ ‘ವಿದ್ಯಾಗಮ’ದ ಹೆಸರಿನಲ್ಲಿ ಮೇಷ್ಟ್ರುಗಳನ್ನು ಮಕ್ಕಳಿದ್ದಲ್ಲಿಗೇ, ಗುಡಿಯ ಕಟ್ಟೆ, ಮರದ ನೆರಳಿಗೆ ಕಳಿಸಬೇಕಾಯಿತು.

ಹಾಗಾದರೆ ಆಗಬೇಕಾದ್ದೇನು? ಹೊಸ ಆಪ್ ಬೇಡ, ಉದ್ಘಾಟನೆಯೂ ಬೇಡ. ನಮ್ಮ ವಿಶ್ವವಿದ್ಯಾಲಯಗಳು ವಿಷಯಕ್ಕೊಬ್ಬರಂತೆ ಕನ್ನಡದಲ್ಲಿ ಚೆನ್ನಾಗಿ ಪಾಠ ಹೇಳುವವರನ್ನು ಆರಿಸಿ, ಅವರ ಮಾಮೂಲಿ ಸೆಮಿಸ್ಟರಿನ ತರಗತಿಯನ್ನು ಹಾಗೇ ಚಿತ್ರೀಕರಿಸಲಿ. ಒಂದು ಕ್ಯಾಮೆರಾ, ಒಳ್ಳೆಯ ಮೈಕು, ಕನ್ನಡ ಸಬ್‌ಟೈಟಲ್ ಸಾಕು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ತನ್ನ ಕನ್ನಡ ಅಧ್ಯಯನ ಸಾಮಗ್ರಿಯನ್ನು, ಪ್ರಸಾರಾಂಗಗಳು ಮರುಮುದ್ರಣ ಕಾಣದ ಹಳೆಯ ಪುಸ್ತಿಕೆಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಡಲಿ. ಕೂತು ಕಲಿಯಲು ಜಾಗ ಬೇಕೆಂದರೆ ಅದೂ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ, ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು. ವಾರಕ್ಕೊಂದು ಸಂಜೆ ಹತ್ತು ಜನ ಒಂದೇ ಪಾಠ ನೋಡಿ ಮಾತಾಡಲು ಅಲ್ಲಿನ ಮೇಜು ಕುರ್ಚಿ ಸಾಕು. ನಿಮ್ಮೂರಿನಲ್ಲಿ ಅರಿವು ಕೇಂದ್ರ ಇದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಈ ಒಂದು ಸಂಜೆಯನ್ನು ಕೇಳಿ.